ಎಂಟು ಡೊಂಕಿನ ಗುರು

ಗೀತೆ ಅಂದ ಕೂಡಲೇ ನಮಗೆ ನೆನಪಾಗುವುದು ಭಗವದ್ಗೀತೆ. ಆದರೆ ಸಂಸ್ಕೃತದಲ್ಲಿ ಅಷ್ಟಾವಕ್ರ ಗೀತೆ ಎಂಬ ಇನ್ನೊಂದು ಗೀತೆಯೂ ಇದೆ. ಅದರಲ್ಲಿ 20 ಪ್ರಕರಣಗಳು, ಸುಮಾರು 300 ಶ್ಲೋಕಗಳು ಇವೆ. ಅಲ್ಲಿ ಯುದ್ಧ ಇಲ್ಲ, ರಥ ಇಲ್ಲ. ಅಷ್ಟಾವಕ್ರ ಮತ್ತು ಜನಕರಾಜ ಇಬ್ಬರೇ ಮಾತಾಡುತ್ತಾರೆ.

ಅಷ್ಟ ಎಂದರೆ ಎಂಟು, ವಕ್ರ ಎಂದರೆ ಡೊಂಕು. ಇವನ ಕಥೆ ಮಹಾಭಾರತದ ವನಪರ್ವದಲ್ಲಿ ಬರುತ್ತದೆ. ಹುಟ್ಟುವಾಗಲೇ ಇವನ ಮೈ ಎಂಟು ಕಡೆ ಡೊಂಕಾಗಿತ್ತು. ತಂದೆ ಕಹೋಡ, ಜನಕನ ಆಸ್ಥಾನದಲ್ಲಿ ಬಂದಿ ಎಂಬ ಪಂಡಿತನ ಎದುರು ವಾದದಲ್ಲಿ ಸೋತಿದ್ದ. ಸೋತವರನ್ನು ಬಂದಿ ನೀರಿಗೆ ಹಾಕಿಸುತ್ತಿದ್ದ. ಮಗನಿಗೆ ಇದು ಗೊತ್ತಾದಾಗ ಅವನ ವಯಸ್ಸು ಬರೀ 12! ಅವನು ಆಸ್ಥಾನಕ್ಕೆ ಹೊರಟೇಬಿಟ್ಟ. ಚಿಕ್ಕ ಹುಡುಗ ಅಂತ ಬಾಗಿಲಲ್ಲೇ ತಡೆದರು. ದೊಡ್ಡವರಾಗುವುದು ವಯಸ್ಸಿನಿಂದಲ್ಲ, ತಿಳಿವಳಿಕೆಯಿಂದ ಎಂದು ವಾದಿಸಿ ಒಳಗೆ ಹೋದ. ಒಂದು, ಎರಡು, ಮೂರು ಅಂತ ಸಂಖ್ಯೆಗಳ ಮೇಲೆ ವಾದ ನಡೆಯಿತು. 13ಕ್ಕೆ ಬಂದಾಗ ಬಂದಿ ಅರ್ಧಕ್ಕೇ ನಿಂತ. ಉಳಿದರ್ಧ ಹೇಳಿ ಹುಡುಗ ಗೆದ್ದ. ತಂದೆ ವಾಪಸ್ ಸಿಕ್ಕಿದ.

ಗೀತೆಯಲ್ಲಿ ಜನಕ ಮೂರು ಪ್ರಶ್ನೆ ಕೇಳುತ್ತಾನೆ. ಜ್ಞಾನ ಸಿಗುವುದು ಹೇಗೆ? ಮುಕ್ತಿ ಹೇಗೆ? ವೈರಾಗ್ಯ ಹೇಗೆ? ಅಷ್ಟಾವಕ್ರನ ಉತ್ತರದ ಸಾರ ಇಷ್ಟು: ನೀನು ಈ ದೇಹ ಅಲ್ಲ. ಯಾವ ವರ್ಣದವನೂ ಅಲ್ಲ. ಎಲ್ಲವನ್ನೂ ನೋಡುತ್ತಿರುವ ಅರಿವೇ ನೀನು. ಆ ಅರಿವು ಎಲ್ಲರಲ್ಲೂ ಒಂದೇ. ಇದಕ್ಕೇ ಅದ್ವೈತ ಅನ್ನುತ್ತಾರೆ, ಅಂದರೆ ಎರಡಿಲ್ಲ.

ಇದಕ್ಕೆ ಗೀತೆಯಲ್ಲಿ ಒಳ್ಳೆಯ ಉದಾಹರಣೆಗಳಿವೆ. ಕತ್ತಲಲ್ಲಿ ಹಗ್ಗ ನೋಡಿ ಹಾವು ಅಂತ ಹೆದರುತ್ತೇವೆ. ದೀಪ ತಂದರೆ ಹಾವು ಎಲ್ಲಿ ಹೋಯಿತು? ಎಲ್ಲೂ ಹೋಗಲಿಲ್ಲ, ಇರಲೇ ಇಲ್ಲ! ಮುಕ್ತಿಯೂ ಹಾಗೇ. ಬೇರೆ ಕಡೆಯಿಂದ ತರುವ ವಸ್ತು ಅಲ್ಲ, ತಿಳಿದರೆ ಇಲ್ಲೇ ಇದೆ. ಇನ್ನೊಂದು ಉದಾಹರಣೆ ಕಬ್ಬಿನ ಹಾಲು ಮತ್ತು ಸಕ್ಕರೆಯದು. ಸಕ್ಕರೆಯ ತುಂಬಾ ಇರುವುದು ಕಬ್ಬಿನ ರಸವೇ. ನಮ್ಮ ಆಲೆಮನೆಯ ಬೆಲ್ಲವನ್ನೇ ನೋಡಿ. ಅಚ್ಚು ಸೊಟ್ಟ ಇದ್ದರೆ ಬೆಲ್ಲ ಕಹಿ ಆಗುತ್ತಾ?

ಎಲ್ಲಾ ಒಂದೇ ಅಂದರೆ ಹೇಗೆ ಬೇಕಾದರೂ ಇರಬಹುದಾ ಅಂತ ಕೆಲವರು ಕೇಳಬಹುದು. ಇಲ್ಲ. ಮೊದಲನೇ ಉತ್ತರದಲ್ಲೇ ಅಷ್ಟಾವಕ್ರ ಐದು ಗುಣ ಹೇಳುತ್ತಾನೆ: ಕ್ಷಮೆ, ಆರ್ಜವ, ದಯೆ, ತೃಪ್ತಿ, ಸತ್ಯ. ಆರ್ಜವ ಎಂದರೆ ನೇರ ನಡತೆ. ಮೈ ಡೊಂಕಾದವನು ಕಲಿಸಿದ್ದು ನೇರವಾಗಿರುವುದನ್ನು!

ನಮ್ಮಲ್ಲೂ ಕುಂಟ, ಮೆಳ್ಳಗಣ್ಣ ಅಂತ ಕೂಗುವ ಅಭ್ಯಾಸ ಇದೆ. ಹಾಗೆ ಕೂಗುವುದೂ ಹಗ್ಗವನ್ನು ಹಾವು ಅಂದ ಹಾಗೆಯೇ. ಇನ್ನು ಮೇಲೆ ಎಲ್ಲರನ್ನೂ ಅವರವರ ಹೆಸರು ಹಿಡಿದೇ ಕರೆಯೋಣ.

– 7ನೇ ತರಗತಿ