ಮನೆಯ ಆರೈಕೆಯಲ್ಲಿ ಹಿರಿಯರ ಸ್ವಾವಲಂಬನೆ

ಹೃದಯ ವೈಫಲ್ಯ, ಪಾರ್ಕಿನ್ಸನ್, ಸಂಧಿವಾತ, ಪಾರ್ಶ್ವವಾಯುವಿನ ನಂತರದ ದೌರ್ಬಲ್ಯ ಇವು ಸಾಮಾನ್ಯವಾಗಿ ಪೂರ್ಣ ಗುಣವಾಗುವಂಥವಲ್ಲ. ಇವುಗಳೊಡನೆ ಮನೆಯಲ್ಲಿಯೇ ವರ್ಷಗಟ್ಟಲೆ ಬಾಳುವ ಹಿರಿಯರಿಗೆ, ತಮ್ಮ ಬದುಕು ತಮ್ಮ ಕೈಯಲ್ಲಿ ಎಷ್ಟು ಉಳಿದಿದೆ ಎಂಬುದು ರೋಗದಷ್ಟೇ ದೊಡ್ಡ ಪ್ರಶ್ನೆ.

ವೈದ್ಯಕೀಯವು ಸ್ವಾವಲಂಬನೆಯನ್ನು ದಿನನಿತ್ಯದ ಕೆಲಸಗಳ ಮೂಲಕ ಅಳೆಯುತ್ತದೆ. 1963ರಲ್ಲಿ ಅಮೆರಿಕದ ವೈದ್ಯ ಸಿಡ್ನಿ ಕಾಟ್ಜ್ ಮತ್ತು ಸಂಗಡಿಗರು ಆರು ಕೆಲಸಗಳ ಮಾಪಕವೊಂದನ್ನು ಪ್ರಕಟಿಸಿದರು: ಸ್ನಾನ, ಬಟ್ಟೆ ತೊಡುವುದು, ಶೌಚಾಲಯದ ಬಳಕೆ, ಹಾಸಿಗೆ ಅಥವಾ ಕುರ್ಚಿಯಿಂದ ಏಳುವುದು, ಮಲಮೂತ್ರಗಳ ಹಿಡಿತ ಮತ್ತು ಊಟ. ಚೇತರಿಸಿಕೊಳ್ಳುವವರಲ್ಲಿ ಊಟ ಮೊದಲು, ಸ್ನಾನ ಕೊನೆಗೆ ಮರಳುವುದನ್ನು ಅವರು ಗುರುತಿಸಿದರು. 1969ರಲ್ಲಿ ಲಾಟನ್ ಮತ್ತು ಬ್ರೋಡಿ ಅಡುಗೆ, ಖರೀದಿ, ದೂರವಾಣಿ, ಔಷಧ, ಹಣಕಾಸು ಮುಂತಾದ ಎಂಟು ಕೆಲಸಗಳ ಇನ್ನೊಂದು ಮಾಪಕವನ್ನು ಕೊಟ್ಟರು.

ಇವೆರಡೂ ಅಳೆಯುವುದು ಮಾಡುವ ಶಕ್ತಿಯನ್ನು. 1988ರಲ್ಲಿ ಬಾರ್ಟ್ ಕಾಲೋಪಿ ಎಂಬ ವಿದ್ವಾಂಸರು ಮುಖ್ಯವಾದ ಭೇದವೊಂದನ್ನು ಎತ್ತಿ ತೋರಿದರು: ನಿರ್ಧರಿಸುವ ಸ್ವಾತಂತ್ರ್ಯ ಬೇರೆ, ನಿರ್ಧರಿಸಿದ್ದನ್ನು ತಾನೇ ಮಾಡುವ ಸಾಮರ್ಥ್ಯ ಬೇರೆ. ಸೀರೆ ಉಡಲಾಗದವರು ಯಾವ ಸೀರೆ ಎಂದು ಹೇಳಬಲ್ಲರು. ಕೈ ಸೋತಿತೆಂದು ಮಾತನ್ನೂ ಕಸಿದುಕೊಳ್ಳುವುದು ಮನೆಗಳಲ್ಲಿ ಪ್ರೀತಿಯ ಹೆಸರಿನಲ್ಲಿಯೇ ನಡೆಯುತ್ತದೆ.

ವೈದ್ಯನಾದ ನಾನೂ ಇದನ್ನೇ ಮಾಡಿದೆ. ಶಿವಮೊಗ್ಗದಲ್ಲಿದ್ದ ನನ್ನ ತಾಯಿಗೆ ಪಾರ್ಶ್ವವಾಯುವಾದ ಮೇಲೆ ಹೋಮ್ ನರ್ಸ್ ಒಬ್ಬರನ್ನು ನೇಮಿಸಿ, ಇಂಗ್ಲೆಂಡಿನಿಂದ ಫೋನಿನಲ್ಲಿ ಅಪ್ಪಣೆಗಳನ್ನು ಕೊಟ್ಟೆ: ಅಡುಗೆಮನೆಗೆ ಬಿಡಬೇಡಿ, ಸ್ನಾನ ನೀವೇ ಮಾಡಿಸಿ, ಊಟ ನೀವೇ ತಿನ್ನಿಸಿ. ಮೂರು ತಿಂಗಳ ನಂತರ ಹೋದಾಗ ರಕ್ತದೊತ್ತಡ, ಸಕ್ಕರೆ ಎಲ್ಲವೂ ಸರಿಯಾಗಿದ್ದವು. ಆದರೆ ವಾಕರ್ ಹಿಡಿದು ಬಚ್ಚಲಿಗೆ ಹೋಗುತ್ತಿದ್ದ ಅಮ್ಮನನ್ನು ಈಗ ಇಬ್ಬರು ಎತ್ತಬೇಕಿತ್ತು. "ಈ ಮನೇಲಿ ನನ್ನನ್ನ ಕೇಳಿ ಮಾಡೋದು ಯಾವುದೂ ಇಲ್ಲ ಕಣೋ" ಎಂದರು.

ದೇಹದ ಲೆಕ್ಕ ಕಠಿಣವಾದುದು. ಆರೋಗ್ಯವಂತ ಹಿರಿಯರೇ ಹತ್ತು ದಿನ ಹಾಸಿಗೆಯಲ್ಲಿದ್ದರೆ ಕಾಲುಗಳಿಂದ ಸುಮಾರು ಒಂದು ಕಿಲೋ ಕೊಬ್ಬುರಹಿತ ಅಂಗಾಂಶ, ಬಹುಪಾಲು ಸ್ನಾಯು, ಕರಗಬಹುದೆಂದು 2007ರ ಅಧ್ಯಯನವೊಂದು ತೋರಿಸಿತು. ರೋಗಿಗಳ ವಿಷಯದಲ್ಲಿ ಅನಗತ್ಯ ಸಹಾಯವೂ ಒಂದು ಬಗೆಯ ಹಾಸಿಗೆಯೇ.

ಇದಕ್ಕೆ ಉತ್ತರವಾಗಿ ಡೆನ್ಮಾರ್ಕಿನ ಫ್ರೆಡೆರಿಸಿಯ ಪಟ್ಟಣ 2008ರಲ್ಲಿ ಆರೈಕೆಯ ಕ್ರಮವನ್ನೇ ಬದಲಿಸಿತು: ಕೆಲಸವನ್ನು ಹಿರಿಯರಿಗಾಗಿ ಮಾಡುವ ಬದಲು, ಅವರೇ ಮತ್ತೆ ಮಾಡುವಂತೆ ಮೊದಲು ತರಬೇತಿ ನೀಡುವುದು. ಇಂಗ್ಲೆಂಡಿನಲ್ಲಿಯೂ ಇಂಥ ಸೇವೆ ಅರ್ಹರಿಗೆ ಆರು ವಾರಗಳವರೆಗೆ ಉಚಿತ.

ಮನೆಯಲ್ಲಿ ನಾವು ಮಾಡಬಹುದಾದುದು ಇಷ್ಟು. ಕುರ್ಚಿಯ ಎತ್ತರ ಹೆಚ್ಚಿಸಿ, ಬಚ್ಚಲಿನಲ್ಲಿ ಹಿಡಿಕೆ ಹಾಕಿಸಿ. ಗುಂಡಿ ಹಾಕಿಕೊಳ್ಳಲು ಇಪ್ಪತ್ತು ನಿಮಿಷ ಬೇಕಾದರೆ ಕಾಯಿರಿ. ಬೀಳುವ ಅಪಾಯವನ್ನು ತಗ್ಗಿಸಿ. ಆದರೆ ಆ ಭಯಕ್ಕೆ ನಡಿಗೆಯನ್ನೇ ನಿಲ್ಲಿಸಬೇಡಿ. ಮರೆವಿನ ಕಾಯಿಲೆಯಿದ್ದವರಿಗೂ ಎರಡರಲ್ಲಿ ಒಂದನ್ನು ಆರಿಸಲು ಕೇಳಿ. ಸ್ವಾವಲಂಬನೆಯನ್ನು ಹೇರುವುದೂ ತಪ್ಪು. ಸ್ನಾನ ಮಾಡಿಯೇ ಉಸಿರು ಸೋಲುವ ಹೃದ್ರೋಗಿಯೊಬ್ಬರು ಅದಕ್ಕೆ ಸಹಾಯ ಪಡೆದು, ಉಳಿದ ಶಕ್ತಿಯನ್ನು ಪೂಜೆಗೆ ಮೀಸಲಿಡಬಹುದು. ಆ ಆಯ್ಕೆ ಅವರದು.

ಅಮ್ಮ ಕಳೆದುಕೊಂಡ ಶಕ್ತಿಯೆಲ್ಲ ಮರಳಲಿಲ್ಲ. ಕೆಲವು ವಾರಗಳ ಅಭ್ಯಾಸದ ನಂತರ ಒಬ್ಬರ ಆಸರೆಯಲ್ಲಿ ಏಳತೊಡಗಿದರು. ನರ್ಸ್‌ನ ಸಂಬಳವನ್ನು ತಮ್ಮ ಕೈಯಿಂದಲೇ ಕೊಡತೊಡಗಿದರು. ನಾನೂ ಫೋನಿನಲ್ಲಿ ರಕ್ತದೊತ್ತಡವನ್ನು ವಿಚಾರಿಸುವ ಮೊದಲು, "ಇವತ್ತು ಏನು ಅಡುಗೆ ಮಾಡಿಸಿದೆ, ಅಮ್ಮ?" ಎಂದು ಕೇಳುವುದನ್ನು ಕಲಿತೆ.