ಮೆದುಳು ಜ್ವರ ವಾಸಿಯಾದ ಮಗು ಶಾಲೇಲಿ ಹಿಂದೆ ಬೀಳೋದ್ಯಾಕೆ?

ಬ್ಯಾಕ್ಟೀರಿಯಾದಿಂದ ಬರುವ ಮೆನಿಂಜೈಟಿಸ್, ಅಂದ್ರೆ ನಮ್ಮ ಕಡೆ ಮೆದುಳು ಜ್ವರ ಅಂತಾರಲ್ಲ ಅದು, ವಾಸಿಯಾಗಿ ಮಗು ಮನೆಗೆ ಬಂದರೆ ಎಲ್ಲಾ ಮುಗೀತು ಅಂದ್ಕೊಳ್ತೀವಿ. ಕೆಲವು ಮಕ್ಕಳಲ್ಲಿ ತೊಂದರೆ ಗೊತ್ತಾಗೋದೇ ಶಾಲೆಗೆ ಸೇರಿದ ಮೇಲೆ. ಲೆಕ್ಕ ತಲೆಗೆ ಹತ್ತಲ್ಲ, ಒಂದು ಕಡೆ ಕೂರಲ್ಲ. ಕ್ಲಾಸಲ್ಲಿ 'ದಡ್ಡ' ಅಂತ ಹೆಸರು ಬಿದ್ದುಬಿಡುತ್ತೆ, ಪಾಪ.

ಯಾರಿಗೆ ಹೀಗಾಗಬಹುದು ಅಂತ ಮೊದಲೇ ಅಂದಾಜಿಸೋಕೆ ನೆದರ್ಲೆಂಡ್ಸ್ ವೈದ್ಯರು ಅಧ್ಯಯನ ಮಾಡಿದ್ದಾರೆ. ನ್ಯುಮೊಕಾಕಸ್ ರೋಗಾಣು, ಆಂಟಿಬಯೋಟಿಕ್ ಶುರುವಾಗಲು ತಡ, ಕಾಯಿಲೆ ವೇಳೆ ಫಿಟ್ಸ್, ಹುಟ್ಟಿದಾಗ ಕಡಿಮೆ ತೂಕ: ಇವಿದ್ದರೆ ಅಪಾಯ ಹೆಚ್ಚು. ಆಗೇ ಆಗುತ್ತೆ ಅಂತಲ್ಲ, ಕಣ್ಣಿಟ್ಟಿರಬೇಕು ಅಷ್ಟೇ.

ಕಿವಿ ಮಂದವಾಗೋದೂ ಉಂಟು. ಡಿಸ್ಚಾರ್ಜ್ ಆದ 4 ವಾರದೊಳಗೆ ಕಿವಿ ಪರೀಕ್ಷೆ ಮಾಡಿಸಿ. ಆಸ್ಪತ್ರೆಯ ಡಿಸ್ಚಾರ್ಜ್ ಚೀಟಿ ಎಸೀಬೇಡಿ. ಮುಂದೆ ಡಾಕ್ಟರ್ ಮೊದಲು ಕೇಳೋದು ಅದನ್ನೇ.