ಬಿಸಿ ಗಾಳಿಯ ಜ್ವರ ನೋಡುವ ಪುಡಿ

ಎಮ್ಮೆ ಹಾಲಿನಿಂದ ಶಿಶು ಆಹಾರ ತಯಾರಿಸುವ ವಿಧಾನವನ್ನು ದೇಶಕ್ಕೆ ಕೊಟ್ಟದ್ದು ಮೈಸೂರು. 1950ರಲ್ಲಿ ಚೆಲುವಾಂಬ ಮ್ಯಾನ್ಷನ್‌ನಲ್ಲಿ ಆರಂಭವಾದ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐನ ವಿಜ್ಞಾನಿಗಳು ಆ ಕೆಲಸ ಮಾಡಿದರು. ಹಾಲನ್ನು ಸಣ್ಣ ಹನಿಗಳಾಗಿ ಸಿಂಪಡಿಸಿ, ಕೆಳಗೆ ಬೀಳುವಷ್ಟರಲ್ಲಿ ಒಣಗಿಸುವ ಸ್ಪ್ರೇ ಡ್ರೈಯರ್‌ನಲ್ಲಿ ಬಿಸಿ ಗಾಳಿಯ ಹದವೇ ಮುಖ್ಯ. ಬಿಸಿ ಹೆಚ್ಚಾದರೆ ಪುಡಿ ಸೀಯುತ್ತದೆ, ಕಡಿಮೆಯಾದರೆ ಗೋಡೆಗೆ ಮೆತ್ತಿಕೊಳ್ಳುತ್ತದೆ. ಇದೇ ಊರಿನ ಬೆಮೆಲ್ ಕಾರ್ಖಾನೆಯಲ್ಲಿ ತಯಾರಾಗುವ ಡೀಸೆಲ್ ಎಂಜಿನ್‌ಗಳಿಗೂ ಇದೇ ಪ್ರಶ್ನೆ: ಒಳಗಿನ ಅನಿಲ ಎಲ್ಲೆಲ್ಲಿ ಎಷ್ಟೆಷ್ಟು ಬಿಸಿಯಾಗಿದೆ?

ಸಾಮಾನ್ಯವಾಗಿ ಇದಕ್ಕೆ ಬಳಸುವುದು ಥರ್ಮೋಕಪಲ್ ಎಂಬ ತಂತಿ. ಅಗ್ಗ, ಗಟ್ಟಿಮುಟ್ಟು. ಆದರೆ ಅದು ಹೇಳುವುದು ತನ್ನ ತುದಿಯ ಬಿಸಿಯನ್ನು ಮಾತ್ರ. ಹರಿವಿಗೆ ಅಡ್ಡ ನಿಲ್ಲುತ್ತದೆ, ಸುತ್ತಲಿನ ಗೋಡೆಗಳೊಡನೆ ಶಾಖ ಕೊಟ್ಟು ತೆಗೆದುಕೊಳ್ಳುತ್ತದೆ, ಕ್ಷಣಕ್ಷಣಕ್ಕೂ ಬದಲಾಗುವ ಸುಳಿಗಳ ವೇಗಕ್ಕೆ ಸ್ಪಂದಿಸಲಾರದು.

ಈ ಕೊರತೆ ನೀಗಲು ಬಂದದ್ದು ಬೆಳಗುವ ಪುಡಿಯ ವಿಧಾನ. 2012ರಲ್ಲಿ ಲಂಡನ್ನಿನ ಇಂಪೀರಿಯಲ್ ಕಾಲೇಜಿನ ತಂಡ ಇದಕ್ಕೆ ಆರಿಸಿಕೊಂಡದ್ದು ಟ್ಯೂಬ್‌ಲೈಟ್‌ಗಳಲ್ಲಿ ನೀಲಿ ಬೆಳಕಿಗೆಂದು ಬಳಸುವ ಒಂದು ಫಾಸ್ಫರ್. ಬೇರಿಯಂ, ಮೆಗ್ನೀಷಿಯಂ, ಅಲ್ಯೂಮಿನಿಯಂಗಳ ಆಕ್ಸೈಡಿನೊಳಗೆ ಒಂದಿಷ್ಟು ಯೂರೋಪಿಯಂ ಸೇರಿಸಿದ ಬಿಳಿ ಪುಡಿ ಅದು. ಎರಡು ಮೈಕ್ರೋಮೀಟರ್ ಗಾತ್ರದ ಕಣಗಳು ಗಾಳಿಯೊಡನೆ ತೇಲುತ್ತವೆ. ಅತಿ ಚಿಕ್ಕವಾದ್ದರಿಂದ ಕಣ್ಣೆವೆಯಿಕ್ಕುವ ಮೊದಲೇ ಗಾಳಿಯಷ್ಟೇ ಬಿಸಿಯಾಗುತ್ತವೆ. ಆಗ 355 ನ್ಯಾನೋಮೀಟರಿನ ನೇರಳಾತೀತ ಲೇಸರ್ ಹಾಯಿಸಿದರೆ ನೀಲಿಯಾಗಿ ಹೊಳೆಯುತ್ತವೆ. ಬಿಸಿ ಏರಿದಂತೆ ಆ ನೀಲಿಯ ಛಾಯೆ ತುಸು ಬದಲಾಗುತ್ತದೆ. ಎರಡು ಕ್ಯಾಮೆರಾಗಳು ಬೇರೆ ಬೇರೆ ಫಿಲ್ಟರ್‌ಗಳ ಮೂಲಕ ಒಂದೇ ದೃಶ್ಯವನ್ನು ಸೆರೆಹಿಡಿಯುತ್ತವೆ. ಎರಡು ಚಿತ್ರಗಳ ಪ್ರಕಾಶದ ಅನುಪಾತದಿಂದ ಉಷ್ಣತೆ ತಿಳಿಯುತ್ತದೆ. ಅನುಪಾತವಾದ್ದರಿಂದ ಪುಡಿ ಒಂದೆಡೆ ದಟ್ಟ, ಇನ್ನೊಂದೆಡೆ ವಿರಳವಾಗಿದ್ದರೂ ಲೆಕ್ಕ ಕೆಡುವುದಿಲ್ಲ. ಅವೇ ಕಣಗಳ ಚಲನೆಯಿಂದ ಗಾಳಿಯ ವೇಗವೂ ಸಿಗುತ್ತದೆ. ನನಗೆ ಈ ವಿಧಾನದಲ್ಲಿ ಅತ್ಯಂತ ಮೆಚ್ಚುಗೆಯಾದದ್ದು ಇದು.

ಮಿತಿಯೂ ಇದೆ. ಉಷ್ಣತೆ ತೀರ ಏರಿದರೆ ಈ ಪುಡಿಯ ಹೊಳಪು ಕುಂದುತ್ತದೆ, ಹಾಗಾಗಿ ಉರಿಯುವ ಜ್ವಾಲೆಯೊಳಗೆ ಇದು ನಡೆಯದು. ಡ್ರೈಯರ್‌ನ ಬಿಸಿ ಗಾಳಿಗೆ ಧಾರಾಳವಾಗಿ ಸಾಕು.

ಈ ಪುಡಿ ನಮಗೆ ಹೊಸದಲ್ಲ. ಮೈಸೂರು ಸಂಸ್ಥಾನ ಕೊಟ್ಟ 371 ಎಕರೆ ನೆಲದಲ್ಲಿ ಎದ್ದ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊ. ಕೆ.ಸಿ. ಪಾಟೀಲ ಮತ್ತು ಅವರ ವಿದ್ಯಾರ್ಥಿಗಳು 1988ರಲ್ಲಿ ದಹನ ವಿಧಾನವೊಂದನ್ನು ಪ್ರಕಟಿಸಿದರು. ಲೋಹದ ನೈಟ್ರೇಟನ್ನೂ ಹೊಲಕ್ಕೆ ಹಾಕುವ ಅದೇ ಯೂರಿಯಾವನ್ನೂ ನೀರಿನಲ್ಲಿ ಕಲಸಿ, 500 ಡಿಗ್ರಿಯ ಕುಲುಮೆಯಲ್ಲಿಡುತ್ತಾರೆ. ದ್ರಾವಣ ಕುದಿಯುತ್ತದೆ, ನೊರೆಯಾಗಿ ಉಬ್ಬುತ್ತದೆ, ಇದ್ದಕ್ಕಿದ್ದಂತೆ ಹೊತ್ತಿಕೊಳ್ಳುತ್ತದೆ. ಕೆಲವೇ ನಿಮಿಷಗಳಲ್ಲಿ ಪಾತ್ರೆಯಲ್ಲಿ ಉಳಿಯುವುದು ಹಗುರವಾದ ಬಿಳಿ ಪುಡಿ. ಇದೇ ಬೆಂಕಿಯಿಂದ ಯೂರೋಪಿಯಂ ಬೆರೆತ ನೀಲಿ ಫಾಸ್ಫರ್‌ಗಳನ್ನೂ ಅವರು 1990ರ ದಶಕದಲ್ಲಿ ತಯಾರಿಸಿದರು. ಇಂದು ತುಮಕೂರು ವಿಶ್ವವಿದ್ಯಾಲಯದವರೆಗೂ ಈ ವಿದ್ಯೆ ಹಬ್ಬಿದೆ.

ಪುಡಿ ಮಾಡಬಲ್ಲವರು ನಮ್ಮಲ್ಲಿದ್ದಾರೆ, ಬಿಸಿ ಗಾಳಿಯನ್ನು ಅಳೆಯಬೇಕಾದವರೂ ಇದ್ದಾರೆ. ಮೈಸೂರು ವಿಶ್ವವಿದ್ಯಾಲಯದ ಆವರಣವಾದ ಮಾನಸಗಂಗೋತ್ರಿಯ ಭೌತಶಾಸ್ತ್ರ, ರಸಾಯನಶಾಸ್ತ್ರದ ವಿದ್ಯಾರ್ಥಿಗಳು ಹಾಗೂ ಊರಿನ ಎಂಜಿನಿಯರಿಂಗ್ ಕಾಲೇಜುಗಳು ಒಟ್ಟಾಗಿ ಇಂಥದೊಂದು ಪ್ರಯೋಗವನ್ನು ಕೈಗೆತ್ತಿಕೊಳ್ಳಬೇಕು.